ಭಾವನ ಆಯಿಲ್ ಚೇಂಜ್

ನಮ್ಮ ಭಾವ ಹೊಲಿಗೆ ಯಂತ್ರದ ಮೆಕ್ಯಾನಿಕ್. ಮಾರುಕಟ್ಟೆಯ ಹಿಂದಿನ ಟೈಲರ್ ಬೀದಿಯಲ್ಲಿ ನಿಂತರೆ ಕಿವಿಗೆ ಬೀಳುವ ಕಟಕಟ ಸದ್ದಿನಲ್ಲಿ ಮುಕ್ಕಾಲು ಪಾಲು ಅವರ ಕೈ ಸೋಕಿದ ಯಂತ್ರಗಳದ್ದೇ. ಮಾತು ಕಡಿಮೆ. ಯಾರಾದರೂ ತಮ್ಮ ಯಂತ್ರದ ಗೋಳು ಹೇಳಿಕೊಳ್ಳುತ್ತಿದ್ದರೆ ಇವರ ಕಣ್ಣು ಅವರ ಮೇಲಿದ್ದರೂ ಕಿವಿ ಪಕ್ಕದ ಅಂಗಡಿಯ ಯಂತ್ರದ ಮೇಲಿರುತ್ತದೆ. "ಅದರ ಬೆಲ್ಟು ಸಡಿಲ ಆಗಿದೆ, ಅವರಿಗೆ ಹೇಳಿ," ಅನ್ನುತ್ತಾರೆ. ಎದುರಿಗಿದ್ದವರ ಗೋಳು ಅಲ್ಲೇ ನಿಂತು ಕಾಯಬೇಕು.

ನಾನು ಅವರ ಹೆಂಡತಿಯ ತಮ್ಮ. ಅದೇ ಮಾರುಕಟ್ಟೆಯ ಮುಂಭಾಗದಲ್ಲಿ ನನ್ನದು ಕನ್ನಡಕದ ಅಂಗಡಿ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಅಕ್ಕ ಎಲ್ಲರ ಹತ್ತಿರವೂ ಹೇಳುತ್ತಾಳೆ. ಕನ್ನಡಕ ಕೂರುವ ಜಾಗದಲ್ಲಿ ಕೋಪಕ್ಕೆ ಎಲ್ಲಿ ಜಾಗ ಅಂತ ನಾನು. ಊರಿನವರ ಕಣ್ಣು ನೋಡುವುದೇ ನನ್ನ ಹೊಟ್ಟೆಪಾಡಾದರೂ, ನನ್ನ ಅಕ್ಕನ ಮನೆಯಲ್ಲಿ ನನ್ನ ಕಣ್ಣೆದುರೇ ನಡೆಯುತ್ತಿದ್ದ ಒಂದು ವಿಚಿತ್ರ ನನಗೆ ಬಹಳ ಕಾಲ ಕಾಣಲಿಲ್ಲ. ಅದನ್ನೇ ಈಗ ಹೇಳಹೊರಟಿರುವುದು.

ಭಾವನ ಜೊತೆಗಾರ ಅಂದರೆ ಅವರ ಸ್ಕೂಟರ್. ಹಳೆಯ ಟೂ-ಸ್ಟ್ರೋಕ್. ಮೊದಲು ಆಕಾಶದ ಬಣ್ಣವಿತ್ತಂತೆ; ಈಗ ಪಾತ್ರೆ ತೊಳೆದ ನೀರಿನ ಬಣ್ಣ. ಬೆಳಿಗ್ಗೆ ಅದನ್ನು ಒಂದು ಪಕ್ಕಕ್ಕೆ ಚೆನ್ನಾಗಿ ಬಾಗಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ಆಮೇಲೆ ನೆಟ್ಟಗೆ ನಿಲ್ಲಿಸಿ ಒದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಆದ ಕೂಡಲೇ ನೀಲಿ ಹೊಗೆ, ಬೀದಿಯವರೆಲ್ಲ ಕಿಟಕಿ ಮುಚ್ಚುತ್ತಾರೆ. ಮುಂದಿನ ಡಬ್ಬಿಯಲ್ಲಿ ಸ್ಕ್ರೂಡ್ರೈವರು, ಸೂಜಿ, ಬಾಬಿನ್ನು. ಕಾಲಿಡುವ ಜಾಗದಲ್ಲಿ ಗೋಣಿಯಲ್ಲಿ ಸುತ್ತಿದ ಯಾರದೋ ಯಂತ್ರದ ತಲೆ. ಹೊಸ ಗಾಡಿ ತಗೊಳ್ಳಿ ಭಾವ ಅಂದರೆ, "ಇದರ ಕಾಯಿಲೆಯೆಲ್ಲ ನನಗೆ ಗೊತ್ತಿದೆ. ಹೊಸದರ ಕಾಯಿಲೆ ಯಾರಿಗೆ ಗೊತ್ತು," ಅನ್ನುತ್ತಾರೆ.

ಇಂಥ ಗಾಡಿಗೆ ಎರಡು ಬಗೆಯ ಎಣ್ಣೆ ಬೇಕು. ಒಂದನ್ನು ಪೆಟ್ರೋಲಿನ ಜೊತೆ ಬೆರೆಸಿ ಟ್ಯಾಂಕಿಗೆ ಹಾಕಬೇಕು. ಅದು ಉರಿದು, ಹೊಗೆಯಾಗಿ, ಬೀದಿಯವರ ಬೈಗುಳವಾಗಿ ಮುಗಿದುಹೋಗುತ್ತದೆ. ಇನ್ನೊಂದು ಗೇರು ಪೆಟ್ಟಿಗೆಯ ಹೊಟ್ಟೆಯಲ್ಲಿ ಸುಮ್ಮನೆ ಕೂತಿರುತ್ತದೆ. ಅದು ಉರಿಯುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಜನ ಅದನ್ನು ಮರೆತೇಬಿಡುತ್ತಾರೆ. ಗೇರಿನ ಹಲ್ಲು ಸವೆದ ಪುಡಿ ಸೇರಿ ಅದು ಕಪ್ಪಾದ ಮೇಲೆ ಇಳಿಸಿ ಹೊಸದು ತುಂಬಬೇಕು. ನಾನು ಹೇಳುವುದೆಲ್ಲ ಆ ಎರಡನೆಯ ಎಣ್ಣೆಯ ವಿಷಯ. ಆದರೆ ಅದಕ್ಕೂ ಮೊದಲು ಮೂರನೆಯದೊಂದರ ಬಗ್ಗೆ ಹೇಳದಿದ್ದರೆ ಏನೂ ಅರ್ಥವಾಗುವುದಿಲ್ಲ.

ಆ ಮೂರನೆಯದನ್ನು ಭಾವ ಕುಡಿಯುತ್ತಿದ್ದರು. ಕುಡಿಯುವುದಕ್ಕೆ ಎಣ್ಣೆ ಹಾಕುವುದು ಅಂತ ಮೊದಲು ಹೆಸರಿಟ್ಟವರು ಯಾರೋ, ಕೈಗೆ ಸಿಕ್ಕರೆ ಅವರ ಹತ್ತಿರ ನನ್ನದು ನಾಲ್ಕು ಮಾತಿದೆ. ಭಾವನ ಗೆಳೆಯರಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಸಂಜೆಯಾದರೆ ಬಂದು ಸ್ಕೂಟರಿನ ಸೀಟು ತಟ್ಟಿ, "ಆಯಿಲ್ ಚೇಂಜ್‌ಗೆ ಹೋಗೋಣ್ವಾ?" ಅನ್ನುತ್ತಿದ್ದರು. ತಡವಾದರೆ ಮನೆಗೆ ಹೇಳುವ ಸುಳ್ಳೂ ಗಾಡಿಯದೇ. "ಗಾಡಿ ಕೆಟ್ಟಿದೆ ಕಣೆ," ಅಂತ ಫೋನು. ಪಾಪ, ಆ ಕಾಲದಲ್ಲಿ ಒಂದು ದಿನವೂ ಕೈ ಕೊಡದೆ ಓಡಿದ ಸ್ಕೂಟರ್ ಅಕ್ಕನ ಲೆಕ್ಕದಲ್ಲಿ ಊರಿಗೆಲ್ಲ ಕೆಟ್ಟ ಗಾಡಿ ಅನ್ನಿಸಿಕೊಂಡಿತು.

ಅವರು ಕುಡಿತ ಬಿಟ್ಟದ್ದು ಒಬ್ಬ ಟೈಲರಮ್ಮನ ಬೆರಳಿನ ದೆಸೆಯಿಂದ. ನಡುಗುವ ಕೈಯಲ್ಲಿ ಸೂಜಿಯ ತಿರುಪನ್ನು ಅರೆಬರೆ ಬಿಗಿ ಮಾಡಿ ಕೊಟ್ಟಿದ್ದರು. ಹೊಲಿಯುವಾಗ ಸೂಜಿ ಜಾರಿ ಆಕೆಯ ತೋರುಬೆರಳಿನ ಉಗುರನ್ನೇ ಹಾಯ್ದು ಮುರಿಯಿತು. ಆಕೆ ಒಂದು ಮಾತೂ ಬೈಯಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು, "ನಿಮ್ಮ ಕೈಗೇನಾಗಿದೆ ಅಣ್ಣ?" ಅಂತ ಕೇಳಿದಳಂತೆ. ಅವತ್ತು ಭಾವ ನೆಟ್ಟಗೆ ಮನೆಗೆ ಬಂದರು. ಇಲ್ಲಿ ನೋಡಿದರೆ ಅಕ್ಕ ತನ್ನ ಪಾಡಿಗೆ ತಾನು ಇವರ ಕುಡಿತಕ್ಕೆ ಬೇಸತ್ತು ಬಟ್ಟೆ ತುಂಬಿದ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ.

ಭಾವ ಅವಳನ್ನು ತಡೆಯಲಿಲ್ಲ, ಕಾಲು ಹಿಡಿಯಲಿಲ್ಲ. "ಆ ಬ್ಯಾಗ್ ಬಿಚ್ಚಬೇಡ. ಹಾಗೇ ಬೀರು ಮೇಲಿಡು," ಅಂದರು. "ನಾನು ಇನ್ನೊಂದ್ಸಲ ಮುಟ್ಟಿದ್ರೆ ತಗೊಂಡು ಹೊರಟುಬಿಡು. ಯಾಕೆ ಏನು ಅಂತಾನೂ ಕೇಳಬೇಡ."

"ಕೇಳಲ್ಲ," ಅಂದಳು ಅಕ್ಕ.

ನಮ್ಮಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ. ಚಿಕ್ಕಂದಿನಲ್ಲಿ ನನ್ನ ಜೊತೆ ಟೂ ಬಿಟ್ಟರೆ ನಾನು ಜ್ವರ ಬಂದು ಮಲಗಿದರೂ ರಾಜಿಗೆ ಬರುತ್ತಿರಲಿಲ್ಲ. ಬ್ಯಾಗು ಬೀರುವಿನ ಮೇಲೇ ಉಳಿಯಿತು. ಅಕ್ಕ ಮನೆ ಗುಡಿಸುವಾಗ ಅದರ ಧೂಳನ್ನೂ ಹೊಡೆಯುತ್ತಿದ್ದಳು. ಬೀರುವಿನ ಬಾಗಿಲಲ್ಲೇ ಕನ್ನಡಿ. ಭಾವ ಬೆಳಿಗ್ಗೆ ತಲೆ ಬಾಚುವಾಗ ಕನ್ನಡಿ ನೋಡುವುದಕ್ಕಿಂತ ಹೆಚ್ಚಾಗಿ ತಲೆಯೆತ್ತಿ ಬ್ಯಾಗನ್ನು ನೋಡುತ್ತಿದ್ದರು. ಅವರ ಬೈತಲೆ ಯಾವಾಗಲೂ ಸೊಟ್ಟಗಿರುತ್ತಿದ್ದದ್ದು ಅದಕ್ಕೇ.

ಇನ್ನು ನನಗೆ ಕಾಣದೆ ಹೋದ ವಿಚಿತ್ರ. ಆ ದಿನದಿಂದ ಆ ಮನೆಯಲ್ಲಿ ಎಣ್ಣೆ ಅನ್ನುವ ಪದವೇ ಮಾಯವಾಗಿತ್ತು. ಅಕ್ಕ ನನ್ನನ್ನು ಅಂಗಡಿಗೆ ಕಳಿಸುವಾಗ, "ಬಾಣಲೆಗೆ ಹಾಕೋದು ಮುಗಿದಿದೆ, ತಗೊಂಡು ಬಾ," ಅನ್ನುತ್ತಿದ್ದಳು. ತಲೆಗೆ ಹಚ್ಚುವುದು ಬರೀ "ಹಚ್ಚೋದು" ಆಯಿತು. ಭಾವ ಹೊಲಿಗೆ ಯಂತ್ರಕ್ಕೆ ಬಿಡುವುದನ್ನು "ಹನಿ" ಅನ್ನುತ್ತಿದ್ದರು, ಪೆಟ್ರೋಲಿಗೆ ಬೆರೆಸುವುದನ್ನು "ಮಿಕ್ಸು" ಅನ್ನುತ್ತಿದ್ದರು. ಆಯಿಲ್ ಅಂದರಂತೂ ಆ ಹಳೆಯ ಗೆಳೆಯರೇ ಬಂದು ಬಾಗಿಲಲ್ಲಿ ನಿಂತ ಹಾಗೆ. ಬಾಣಲೆಗೆ ಹಾಕೋದು ಅಂದರೆ ಉಪ್ಪೂ ಆಗಬಹುದಲ್ಲ ಅಂತ ನಾನು ಒಮ್ಮೆ ಉಪ್ಪು ತಂದುಕೊಟ್ಟು ಬೈಸಿಕೊಂಡಿದ್ದೆ. ಆಗಲೂ ಹೊಳೆಯಲಿಲ್ಲ.

ಹೀಗಿರುವಾಗ ಸ್ಕೂಟರಿನ ಗೇರು ಮೊಂಡು ಹಿಡಿಯಿತು. ಒಂದರಿಂದ ಎರಡಕ್ಕೆ ಹಾಕಿದರೆ ಕರಕರ ಸದ್ದು, ಎರಡರಿಂದ ಮೂರಕ್ಕೆ ಹೋಗುವುದೇ ಇಲ್ಲ. ಭಾವ ಅದನ್ನು ಗ್ಯಾರೇಜಿನ ಸ್ಪಾನರನಿಗೆ ತೋರಿಸಿದರು. ಸ್ಪಾನರ ಅಂದರೆ ಗ್ಯಾರೇಜಿನ ಯಜಮಾನ. ಬಡಗಿಗಳು ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಳ್ಳುವ ಹಾಗೆ ಸದಾ ಹಿಂದಿನ ಜೇಬಿನಲ್ಲಿ ಸ್ಪಾನರ್ ಇಟ್ಟುಕೊಂಡಿರುವುದರಿಂದ ಆ ಹೆಸರು. ಈ ಊರಿಗೆ ಹೊಸಬ. ಭಾವನ ಹಳೆಯ ಅವತಾರ ಅವನಿಗೆ ಗೊತ್ತಿಲ್ಲ.

"ಅಣ್ಣ, ಒಳಗಿರೋದು ಎಣ್ಣೆ ಅಲ್ಲ, ಡಾಂಬರು," ಅಂದ ಸ್ಪಾನರ. "ಬದಲಾಯಿಸ್ಬೇಕು. ನಾಳೆ ಬಿಟ್ಟು ಹೋಗಿ."

"ನಾನೇ ಮಾಡ್ಕೋತೀನಿ," ಅಂದರು ಭಾವ. ಜೀವಮಾನವೆಲ್ಲ ಯಂತ್ರ ಬಿಚ್ಚಿ ಜೋಡಿಸಿದವರು, ಒಂದು ತಿರುಪು ಬಿಚ್ಚುವ ಕೆಲಸಕ್ಕೆ ಇನ್ನೊಬ್ಬರಿಗೆ ಗಾಡಿ ಒಪ್ಪಿಸುವುದು ಅವರಿಗೆ ಅವಮಾನ.

ಮರುದಿನ ಬೆಳಿಗ್ಗೆ ಎಣ್ಣೆ ಅಂಗಡಿಗೆ ಹೋದರು. ಅಲ್ಲಿ ನಡೆದದ್ದನ್ನು ಭಾವನೇ ಆಮೇಲೆ ನನಗೆ ಹೇಳಿದ್ದು. ಏನು ಬೇಕು ಅಂತ ಅಂಗಡಿಯವನು ಕೇಳಿದ. "ಗೇರು ಪೆಟ್ಟಿಗೆಗೆ ಬೇಕಿತ್ತು," ಅಂದರು ಇವರು. "ಏನು ಬೇಕಿತ್ತು?" "ಅದೇ, ಹಾಕೋದು." "ಎಣ್ಣೆನಾ?" ಅಂತ ಅವನು ಬೀದಿಗೆಲ್ಲ ಕೇಳುವ ಹಾಗೆ ಅಂದಾಗ ಭಾವ ಹಿಂದೆ ತಿರುಗಿ ಯಾರಾದರೂ ನಿಂತಿದ್ದಾರಾ ಅಂತ ನೋಡಿದರಂತೆ.

ಅಂಗಡಿಯವನು ಮೊದಲು ಇಳಿಸಿದ್ದು ಬಂಗಾರದ ಬಣ್ಣದ ಡಬ್ಬಿ. ಹೊಸ ಕಾರುಗಳಿಗೆ ಹಾಕುವಂಥದ್ದು. "ಇದು ಹಾಕಿ ನೋಡಿ, ಬೆಣ್ಣೆ ಹಾಗೆ ಜಾರುತ್ತೆ," ಅಂದ. ಭಾವನಿಗೆ ಆ ಜಾರುವುದೇ ಬೇಡವಾಗಿತ್ತು. ಈ ಸ್ಕೂಟರಿನಲ್ಲಿ ಕ್ಲಚ್ಚಿನ ಬಿಲ್ಲೆಗಳೂ ಗೇರಿನ ಎಣ್ಣೆಯಲ್ಲೇ ಮುಳುಗಿರುತ್ತವೆ. ಅವು ಒಂದನ್ನೊಂದು ಹಿಡಿದುಕೊಂಡರೆ ತಾನೇ ಚಕ್ರ ತಿರುಗುವುದು? ಹೊಲಿಗೆ ಯಂತ್ರದ ಬೆಲ್ಟಿಗೆ ಎಣ್ಣೆ ತಾಗಿದರೆ ಮೋಟಾರು ತಿರುಗುತ್ತಲೇ ಇರುತ್ತದೆ, ಸೂಜಿ ಮಾತ್ರ ಏಳುವುದಿಲ್ಲ. ಭಾವ ಅದನ್ನು ನೂರು ಸಲ ಕಂಡವರು. ಲಾರಿಗೆ ಹಾಕುವ ಗಟ್ಟಿ ಗೇರು ಎಣ್ಣೆಯನ್ನೂ ಬೆರಳಲ್ಲಿ ಉಜ್ಜಿ ನೋಡಿದರು. ಜೇನಿನ ಹಾಗೆ ಅಂಟು. ಅದನ್ನು ಹಾಕಿದರೆ ಬಿಲ್ಲೆಗಳು ಅಂಟಿಕೊಂಡು ಬಿಡಿಸಿಕೊಳ್ಳಲಾರವು. ಪೆಟ್ರೋಲಿಗೆ ಬೆರೆಸುವುದು ತೀರಾ ತೆಳು, ಅದು ಉರಿಯುವುದಕ್ಕೇ ಹುಟ್ಟಿದ್ದು. ಕೊನೆಗೆ ಕೆಳಗಿನ ಸಾಲಿನ ಮೂಲೆಯಲ್ಲಿ, ಯಾರೂ ಕೇಳದೆ ಧೂಳು ತಿನ್ನುತ್ತಿದ್ದ, ಮೂವತ್ತು ಅಂತ ನಮೂದಿಸಿದ ಸಾದಾ ಎಣ್ಣೆ ಸಿಕ್ಕಿತು. ಯಾವ ಬೆರಕೆಯೂ ಇಲ್ಲ, ಹಳೆ ಕಾಲದ್ದು. ಅದೇ ಬೇಕು ಅಂದರು. ಸೀಸೆಯ ಮೈಯೆಲ್ಲ ಜಿಡ್ಡಾಗಿತ್ತು. ಅಂಗಡಿಯವನು ಮರ್ಯಾದೆಯಿಂದ ಅದನ್ನು ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟ.

ಪೇಪರಿನಲ್ಲಿ ಸುತ್ತಿದ ಸೀಸೆ. ಅದನ್ನು ಕಂಕುಳಲ್ಲಿ ಅವುಚಿಕೊಂಡು ಭಾವ ಹಿತ್ತಿಲ ಕಡೆಯಿಂದ ಮನೆಗೆ ಬಂದರು. ಮುಂದಿನ ಅಂಗಳದಲ್ಲಿ ಆ ಕೆಲಸ ಮಾಡಿದರೆ ಅಕ್ಕ ಏನು ಮಾಡ್ತಿದೀರಿ ಅಂತ ಕೇಳುತ್ತಾಳೆ, ಇವರು ಆಯಿಲ್ ಚೇಂಜ್ ಅನ್ನಬೇಕಾಗುತ್ತದೆ. ಆ ಎರಡು ಪದ ಬಾಯಿಂದ ಬರುವುದಕ್ಕಿಂತ ಗಾಡಿಯನ್ನು ಹಿತ್ತಿಲ ಓಣಿಗೆ ತಳ್ಳಿಕೊಂಡು ಹೋಗುವುದು ಸುಲಭ ಅನ್ನಿಸಿತು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಸೀಸೆ ಅಡಗಿಸಿಟ್ಟು ಗಾಡಿ ತರಲು ಹೋದರು. ಅಡುಗೆಮನೆಯ ಕಿಟಕಿಯಿಂದ ಅಕ್ಕ ಎಲ್ಲವನ್ನೂ ನೋಡಿದಳು. ಏನೂ ಕೇಳಲಿಲ್ಲ. ಕೇಳಲ್ಲ ಅಂತ ಮಾತು ಕೊಟ್ಟಿದ್ದಳಲ್ಲ.

ಓಣಿಯಲ್ಲಿ ಭಾವನ ಕೆಲಸವೆಲ್ಲ ಅಚ್ಚುಕಟ್ಟು. ಗಾಡಿಯನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಕೆಳಗಿನ ಬೋಲ್ಟು ಬಿಚ್ಚಿ, ಡಾಂಬರಿನಂಥ ಎಣ್ಣೆಯನ್ನು ಹಳೆ ತಗಡಿನ ಡಬ್ಬಿಗೆ ಇಳಿಸಿದರು. ಬೋಲ್ಟಿಗೆ ಹೊಸ ವಾಷರ್ ಹಾಕಿದರು. ಆಮೇಲೆ ಯಂತ್ರಗಳಿಗೆ ಹನಿ ಬಿಡುವ ತಮ್ಮ ಉದ್ದ ಮೂಗಿನ ಡಬ್ಬಿಗೆ ಹೊಸ ಎಣ್ಣೆ ಸುರಿದುಕೊಂಡು, ಮೇಲಿನ ತೂತಿನಿಂದ ಸ್ವಲ್ಪಸ್ವಲ್ಪವಾಗಿ ತುಂಬಿಸುತ್ತಾ ಹೋದರು. ತೂತಿನ ಬಾಯಿಗೆ ಬಂದು ತುಳುಕಿದಾಗ ನಿಲ್ಲಿಸಬೇಕು, ಅದೇ ಅಳತೆ. ಅದು ತುಳುಕಲೇ ಇಲ್ಲ. ಎಷ್ಟು ಬಾಯಾರಿಕೆ ಪಾಪ ಅಂದುಕೊಂಡು ಇವರು ಇನ್ನೂ ಹಾಕಿದರು.

ಅವರು ಮರೆತದ್ದು ಒಂದೇ. ಹಿತ್ತಿಲ ಓಣಿ ಚರಂಡಿಯ ಕಡೆಗೆ ಇಳಿಜಾರು. ಗಾಡಿ ವಾಲಿಕೊಂಡು, ತುಂಬಿಸುವ ತೂತು ಮೇಲೆದ್ದು ನಿಂತಿತ್ತು. ನೆಟ್ಟಗೆ ನಿಲ್ಲಿಸಿದ್ದರೆ ಎಂದೋ ತುಳುಕುತ್ತಿದ್ದದ್ದು ಸೀಸೆ ಮುಕ್ಕಾಲು ಖಾಲಿಯಾಗುವವರೆಗೆ ಒಳಗೆ ಇಳಿಯುತ್ತಲೇ ಹೋಯಿತು. ಮುಂದಿನ ಅಂಗಳ ಚಪ್ಪಟೆ ಬಂಡೆಯ ಹಾಗಿದೆ. ಒಂದು ಪದ ಆಡಲು ಹೆದರಿ ಮನುಷ್ಯ ಇಳಿಜಾರಿಗೆ ಹೋದ.

ಗೇರು ಮಾತ್ರ ಹೂವಿನ ಹಾಗೆ ಬೀಳುತ್ತಿತ್ತಂತೆ. ಖುಷಿಯಿಂದ ಟೈಲರ್ ಬೀದಿಯ ತಿರುವಿಗೆ ಬಂದು ಬ್ರೇಕು ಒತ್ತಿದರೆ ಹಿಂದಿನ ಚಕ್ರ ಕೇಳುವುದೇ ಇಲ್ಲ. ಹೆಚ್ಚಾದ ಎಣ್ಣೆ ಅದನ್ನು ತಡೆಯುವ ರಬ್ಬರ್ ಸೀಲು ದಾಟಿ ಬ್ರೇಕಿನೊಳಗೆ ಇಳಿದಿತ್ತು. ಪುಣ್ಯಕ್ಕೆ ನಿಧಾನವಾಗಿದ್ದರು, ಬಟ್ಟೆ ಅಂಗಡಿಯವನು ಹೊರಗಿಟ್ಟಿದ್ದ ಗೊಂಬೆಯೊಂದನ್ನು ಕೆಡವಿ, ಅದನ್ನು ಎತ್ತಿ ನಿಲ್ಲಿಸಿ, ಅದರ ಟೋಪಿ ಸರಿಮಾಡಿ, ಗಾಡಿಯನ್ನು ತಳ್ಳಿಕೊಂಡು ಸ್ಪಾನರನ ಗ್ಯಾರೇಜಿಗೆ ಬಂದರು.

ಊಟದ ಹೊತ್ತು ಮೀರುತ್ತಿತ್ತು. ಭಾವನ ಎರಡೂ ಕೈ ಮೊಣಕೈವರೆಗೆ ಎಣ್ಣೆ. "ಮನೆಗೊಂದು ಫೋನ್ ಮಾಡಿ ತಡ ಆಗುತ್ತೆ ಅಂತ ಹೇಳಪ್ಪ," ಅಂದರು ಸ್ಪಾನರನಿಗೆ. "ಗಾಡಿ ಕೆಟ್ಟಿದೆ ಅಂತ ಮಾತ್ರ ಹೇಳಬೇಡ."

"ಮತ್ತೇನಂತ ಹೇಳ್ಲಿ?"

"ಏನಾಗಿದೆಯೋ ಅದನ್ನೇ ಹೇಳು."

ಸ್ಪಾನರ ಹೇಳಿದ. ಅವನು ಹೇಳಿದ್ದನ್ನು ಆಮೇಲೆ ನನ್ನ ಮುಂದೆ ಅಕ್ಷರ ಬಿಡದೆ ಒಪ್ಪಿಸಿದ, ಆದ್ದರಿಂದ ನಾನೂ ಹಾಗೇ ಒಪ್ಪಿಸುತ್ತೇನೆ. "ಅಕ್ಕಾ, ನಾನು ಗ್ಯಾರೇಜಿಂದ ಮಾತಾಡ್ತಿರೋದು. ನಿಮ್ಮ ಯಜಮಾನ್ರು ಇಲ್ಲೇ ಇದಾರೆ. ಬೆಳಿಗ್ಗೆ ಎಣ್ಣೆ ಸ್ವಲ್ಪ ಜಾಸ್ತಿ ಹಾಕ್ಬಿಟ್ಟಿದಾರೆ. ಎಷ್ಟು ಹಾಕಿದ್ರು ಅಂತ ಅವರಿಗೂ ಲೆಕ್ಕ ಸಿಕ್ಕಿಲ್ಲ. ದಾರೀಲಿ ಒಂದು ಗೊಂಬೆಗೆ ಗುದ್ದಿದಾರೆ. ಈಗ ಗಾಡಿ ಓಡಿಸೋ ಸ್ಥಿತೀಲಿ ಇಲ್ಲ. ಗಾಬರಿ ಬೇಡ, ಎಲ್ಲಾ ಇಳಿಯೋಕೆ ಸ್ವಲ್ಪ ಹೊತ್ತು ಬೇಕು. ಇಳಿದ ಮೇಲೆ ನಾನೇ ಕಳಿಸ್ತೀನಿ."

ಇದರಲ್ಲಿ ಒಂದೂ ಸುಳ್ಳಿಲ್ಲ. ಕುಡಿದು ಬಿದ್ದವನ ಬಗ್ಗೆ ಹೇಳಬೇಕಾದ ಮಾತನ್ನೂ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಅಕ್ಕ ನನಗೆ ಫೋನ್ ಮಾಡಿದಾಗ ನಾನು ಒಬ್ಬ ಗಿರಾಕಿಯ ಎಡಗಣ್ಣು ಮುಚ್ಚಿ ಬಲಗಣ್ಣಿಂದ ಅಕ್ಷರ ಓದಿಸುತ್ತಿದ್ದೆ. ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ಕೋಪವೂ ಇರಲಿಲ್ಲ. "ನಿನ್ನ ಭಾವ ಗ್ಯಾರೇಜಲ್ಲಿದಾರಂತೆ. ಹಾಕ್ಕೊಂಡಿದಾರೆ. ಹೋಗಿ ನೋಡ್ಕೋ. ಬೀಗದ ಕೈ ಪಕ್ಕದ ಮನೇಲಿ ಕೊಟ್ಟಿರ್ತೀನಿ."

"ನೀನೆಲ್ಲಿಗೆ ಹೋಗ್ತೀಯಾ?"

"ಬ್ಯಾಗ್ ಇಳಿಸಿದೀನಿ," ಅಂದಳು. ಫೋನು ಇಟ್ಟಳು.

ಗಿರಾಕಿಯನ್ನು ಒಂಟಿ ಕಣ್ಣಿನಲ್ಲೇ ಕೂರಿಸಿ ಓಡಿದೆ. ದಾರಿಯುದ್ದಕ್ಕೂ ಭಾವನಿಗೆ ಬೈಯಬೇಕಾದ ಮಾತುಗಳನ್ನು ಜೋಡಿಸಿಕೊಂಡೆ, ಒಂದಕ್ಕಿಂತ ಒಂದು ಖಾರ. ಆದರೆ ಒಳಗೆ ಇದ್ದದ್ದು ಭಯ. ಅಕ್ಕನ ಸಂಸಾರ ಮತ್ತೆ ಕೂಡಿಕೊಂಡಿದೆ ಅಂತ ನಾನು ನೆಮ್ಮದಿಯಾಗಿ ಅಂಗಡಿ ನಡೆಸುತ್ತಿದ್ದೆ, ಅದು ಕಣ್ಣೆದುರೇ ಕುಸಿಯುತ್ತಿದೆ ಅನ್ನಿಸಿತು. ಗ್ಯಾರೇಜಿನಲ್ಲಿ ನೋಡಿದರೆ ಭಾವ ಬಿಚ್ಚಿದ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬ್ರೇಕಿನ ತುಂಡನ್ನು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದಾರೆ.

"ಭಾವ, ಎದ್ದೇಳಿ. ಊದಿ," ಅಂದೆ.

ಅವರು ನನ್ನ ಮುಖ ನೋಡಿದರು. ಯಾಕೆ ಅಂತ ಕೇಳಲಿಲ್ಲ. ಎದ್ದು, ಹತ್ತಿರ ಬಂದು, ಶಾಲೆಯಲ್ಲಿ ಉಗುರು ತೋರಿಸುವ ಮಕ್ಕಳ ಹಾಗೆ ಬಾಯಿ ತೆರೆದು ಊದಿದರು. ಏಲಕ್ಕಿ ಟೀ ವಾಸನೆ. ಅದರ ಹೊರತು ಏನೂ ಇಲ್ಲ. ನಾನು ಪಕ್ಕದ ಟೈರಿನ ಮೇಲೆ ಕೂತುಬಿಟ್ಟೆ. ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ.

"ಅಕ್ಕನಿಗೆ ಏನಂತ ಹೇಳಿದೆಯೋ?" ಅಂತ ಸ್ಪಾನರನನ್ನು ಕೇಳಿದೆ. ಅವನು ಒಪ್ಪಿಸಿದ. ಅರ್ಧಕ್ಕೆ ಬರುವಷ್ಟರಲ್ಲಿ ಭಾವನ ಕೈಯಿಂದ ಬ್ರೇಕಿನ ತುಂಡು ಕೆಳಗೆ ಬಿತ್ತು.

"ಅವಳು ಹೊರಟಳಾ?" ಅಂದರು.

ಫೋನ್ ಮಾಡಿದರೆ ಅಕ್ಕ ಎತ್ತಲಿಲ್ಲ. ಸ್ಪಾನರನ ಬೈಕು ಇಸಿದುಕೊಂಡು ಹೊರಟೆವು. ಹಿಂದೆ ಕೂತ ಭಾವ ಸ್ಕೂಟರಿನ ಮುಂದಿನ ಡಬ್ಬಿಯಿಂದ ತೆಗೆದ, ಪೇಪರು ಸುತ್ತಿದ ಸೀಸೆಯನ್ನು ಎದೆಗವುಚಿಕೊಂಡಿದ್ದರು. ಅದನ್ನು ಬಿಟ್ಟು ಬನ್ನಿ ಅಂದರೆ, "ಇದೊಂದೇ ನನಗೆ ಸಾಕ್ಷಿ," ಅಂದರು. ಮನೆಗೆ ಬೀಗ. ಪಕ್ಕದ ಮನೆಯವರು ಬೀಗದ ಕೈ ಹಿಡಿದುಕೊಂಡೇ ಹೊರಗೆ ಬಂದು, ಬಸ್ ಸ್ಟಾಪಿನ ಕಡೆ ಹೋದರು ಅಂದರು.

ಅಕ್ಕ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಂದು ಕೂತಿದ್ದ ಹಾಗೇ. ಅವಳನ್ನು ಕಂಡ ಕೂಡಲೇ ನನಗೆ ಅರ್ಧ ಜೀವ ಬಂತು. ಭಾವ ಬೈಕು ನಿಲ್ಲುವ ಮುಂಚೆಯೇ ಇಳಿದು ಓಡಿದರು. ಅಂಗಿಯೆಲ್ಲ ಎಣ್ಣೆ, ತಲೆ ಕೆದರಿದೆ, ಕೈಯಲ್ಲಿ ಪೇಪರು ಸುತ್ತಿದ ಸೀಸೆ. ಏದುಸಿರು ಬಿಡುತ್ತಾ ಅವಳ ಮುಂದೆ ನಿಂತು ಆ ಮನುಷ್ಯ ಮೊಟ್ಟಮೊದಲು ಆಡಿದ ಮಾತು, "ಗಾಡಿ ಕೆಟ್ಟಿದೆ ಕಣೆ."

ನಾನು ಹಣೆ ಚಚ್ಚಿಕೊಂಡೆ.

ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಕೈ ಚಾಚಿ ಸೀಸೆ ಇಸಿದುಕೊಂಡಳು. ಪೇಪರು ಬಿಚ್ಚಿದಳು, ಮುಚ್ಚಳ ತೆಗೆದಳು, ಮೂಗಿನ ಹತ್ತಿರ ಹಿಡಿದಳು. ಆಮೇಲೆ ಒಂದು ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು, ಉಜ್ಜುತ್ತಲೇ ಇದ್ದಳು.

"ಇದು ಗಾಡಿಗೆ ಹಾಕೋದು," ಅಂದಳು ಮೆಲ್ಲಗೆ.

"ಹೂಂ ಕಣೆ. ಗೇರಿಗೆ. ಜಾಸ್ತಿ ಆಗಿ ಬ್ರೇಕಿಗೆ ಇಳಿದುಬಿಡ್ತು."

"ಮತ್ತೆ ಕಳ್ಳನ ಹಾಗೆ ಯಾಕ್ರೀ ಕಲ್ಲಿನ ಹಿಂದೆ ಬಚ್ಚಿಟ್ರಿ?"

"ನಿನ್ನ ಮುಂದೆ ಆ ಹೆಸರು ಹೇಗೆ ಎತ್ತಲಿ? ಕೇಳಿದ್ರೆ ನಿನಗೆ ಹಳೇದೆಲ್ಲ ನೆನಪಾಗುತ್ತೆ ಅಂತ ಇಷ್ಟು ದಿನ ನಾನು ಆ ಪದಾನೇ ಆಡಿಲ್ಲ."

ಅಕ್ಕ ಸೀಸೆಯ ಮುಚ್ಚಳ ಹಾಕಿದಳು. "ನಾನು ಆಡದೇ ಇದ್ದದ್ದು ನಿಮಗೋಸ್ಕರ ಕಣ್ರೀ," ಅಂದಳು. "ನಿಮ್ಮ ಕಿವಿಗೆ ಬಿದ್ರೆ ಎಲ್ಲಿ ಆಸೆ ಹುಟ್ಟುತ್ತೋ ಅಂತ. ಬಾಣಲೆಗೆ ಹಾಕೋದು, ಬಾಣಲೆಗೆ ಹಾಕೋದು ಅಂತ ಅಂಗಡಿಯವನ ಹತ್ರ ಎಷ್ಟು ಸಲ ನಗೆಪಾಟಲಾಗಿದೀನಿ."

ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ, ಒಬ್ಬರಿಗೋಸ್ಕರ ಇನ್ನೊಬ್ಬರು ಆ ಪದವನ್ನು ನುಂಗಿಕೊಂಡು ಬದುಕಿದ್ದರು. ನಡುವೆ ಉಪ್ಪು ತಂದು ಬೈಸಿಕೊಂಡವನು ನಾನು. ನನಗೆ ಸಿಟ್ಟೇ ಬಂತು.

"ಬಸ್ಸು ಬಂದಿರಲಿಲ್ವಾ?" ಅಂತ ಭಾವ ಕೇಳಿದರು.

"ಬಂತು, ಹೋಯ್ತು. ಇನ್ನೊಂದೂ ಬಂತು. ಹತ್ತೋಕೆ ಕಾಲೇ ಏಳಲಿಲ್ಲ," ಅಂದಳು ಅಕ್ಕ. ಆಗ ಅವಳಿಗೆ ಅಳು ಬಂತು. ಅತ್ತುಕೊಂಡೇ ಭಾವನ ಮುಖ ನೋಡಿ, "ಥೂ, ಕೆನ್ನೆಗೆಲ್ಲ ಮಸಿ ಮೆತ್ತಿಕೊಂಡಿದೀರಿ," ಅಂದು ಒರೆಸಲು ಬ್ಯಾಗಿನಿಂದ ಬಟ್ಟೆ ತೆಗೆಯಲು ಹೋದಳು. ಜಿಪ್ಪು ಬರಲಿಲ್ಲ. ತುಂಬಿಟ್ಟ ದಿನದಿಂದ ಒಮ್ಮೆಯೂ ಬಿಚ್ಚದೆ ಅದು ತುಕ್ಕು ಹಿಡಿದು ಕೂತಿತ್ತು. ಅಕ್ಕ ಎಳೆದಳು, ನಾನೂ ಎಳೆದೆ.

ಭಾವ ನಮ್ಮಿಬ್ಬರ ಕೈಯನ್ನೂ ಪಕ್ಕಕ್ಕೆ ಸರಿಸಿದರು. ಕೆಟ್ಟದ್ದೇನಾದರೂ ಕಣ್ಣಿಗೆ ಬಿದ್ದರೆ ಅವರಿಗೆ ಸುತ್ತಲಿನದು ಮರೆತುಹೋಗುತ್ತದೆ. "ಹಾಗೆಲ್ಲ ಎಳೆದ್ರೆ ಹಲ್ಲು ಮುರಿಯುತ್ತೆ. ತಡಿ, ಒಂಚೂರು ಎಣ್ಣೆ ಹಾಕಿದ್ರೆ ಬರುತ್ತೆ," ಅಂದರು.

ಅಂದ ಮೇಲೆ ಏನಂದೆ ಅಂತ ಅವರಿಗೇ ಗೊತ್ತಾಯಿತು. ಬೆರಳು ಗಾಳಿಯಲ್ಲೇ ನಿಂತಿತು. ನಾನು ಅಕ್ಕನ ಕಡೆ ನೋಡಿದೆ.

"ಹಾಕ್ರೀ," ಅಂದಳು ಅಕ್ಕ. "ಎಣ್ಣೆ ಹಾಕದೆ ಯಾವುದು ತಾನೇ ಬರುತ್ತೆ." ಅಂದು ನಕ್ಕುಬಿಟ್ಟಳು. ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ ನಗು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನು ಯಾರೋ ದಾರಿಹೋಕ ಅನ್ನುವ ಹಾಗೆ ಆಕಾಶ ನೋಡುತ್ತಾ ನಿಂತೆ. ಭಾವ ಜಿಪ್ಪಿನ ಹಲ್ಲುಗಳಿಗೆ ಬೆರಳಿನಿಂದ ಎಣ್ಣೆ ಸವರಿ, ಹಿಂದೆ ಮುಂದೆ ಆಡಿಸಿ, ಸದ್ದಿಲ್ಲದೆ ಬಿಚ್ಚಿದರು. ಅಕ್ಕ ಒಳಗಿನಿಂದ ಮಡಿಕೆಯ ಗೆರೆಯಲ್ಲೇ ಬಣ್ಣ ಮಾಸಿದ ಒಂದು ಟವೆಲ್ ತೆಗೆದು ಅವರ ಮುಖ ಒರೆಸಿದಳು, ಆಮೇಲೆ ಕೈ ಒರೆಸಲು ಕೊಟ್ಟಳು. ಒಳ್ಳೆಯ ಟವೆಲ್ಲು ಹಾಳಾಗುತ್ತೆ ಅಂದರು ಭಾವ. ಹಾಳಾಗಲಿ ಅಂದಳು.

ಸಂಜೆ ಸ್ಪಾನರ ಬ್ರೇಕು ಒಣಗಿಸಿ, ಮರಳು ಕಾಗದದಲ್ಲಿ ಉಜ್ಜಿ, ಗಾಡಿಯನ್ನು ಮನೆಗೇ ತಂದ. ಮುಂದಿನ ಅಂಗಳದಲ್ಲಿ, ಬೀದಿಯವರೆಲ್ಲ ನೋಡುತ್ತಿರುವಾಗ, ಒಳಗಿದ್ದ ಎಣ್ಣೆಯನ್ನೆಲ್ಲ ಇಳಿಸಿ ಹೊಸದಾಗಿ ತುಂಬುವ ಕೆಲಸ ಶುರುವಾಯಿತು. ಫೋನಿನಲ್ಲಿ ಏನು ಅನಾಹುತ ಮಾಡಿದೆ ಅಂತ ಗೊತ್ತಾದ ಮೇಲೆ ಸ್ಪಾನರ ಅಕ್ಕನ ಮುಖ ನೋಡಲು ಹೆದರಿ ಗಾಡಿಯ ಹಿಂದೆಯೇ ಬಗ್ಗಿಕೊಂಡಿದ್ದ. ಅಕ್ಕ ಅವನಿಗೆ ಟೀ ಕೊಟ್ಟು, "ಇನ್ಮೇಲೆ ಫೋನ್ ಮಾಡಿದ್ರೆ ಯಾವ ಎಣ್ಣೆ ಅಂತ ಮೊದಲೇ ಹೇಳಪ್ಪ," ಅಂದಳು.

ಸ್ಟ್ಯಾಂಡಿನ ಮೇಲೆ ಗಾಡಿ ಒಂದಿಷ್ಟು ವಾಲುತ್ತಿತ್ತು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, ಗಂಭೀರವಾಗಿ ಬಂದು ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದಳು. "ನಾನು ಹಿಡ್ಕೊಂಡಿರ್ತೀನಿ, ನೀವು ಹಾಕಿ." ಭಾವ ಉದ್ದ ಮೂಗಿನ ಡಬ್ಬಿಯಿಂದ ತುಂಬಿಸುತ್ತಾ ಹೋದರು. ಈ ಸಲ ಸ್ವಲ್ಪಕ್ಕೇ ತೂತಿನ ಬಾಯಿಗೆ ಬಂದು ಒಂದು ಹನಿ ತುಳುಕಿ ಕೆಳಗೆ ಇಳಿಯಿತು. "ಸಾಕು," ಅಂದಳು ಅಕ್ಕ, ಅವರಿಗಿಂತ ಮೊದಲೇ.

ಬ್ಯಾಗಿನಲ್ಲಿದ್ದ ಬಟ್ಟೆಗಳನ್ನು ಅವಳು ಅವತ್ತೇ ಒಗೆದು ಹಗ್ಗಕ್ಕೆ ಹಾಕಿದಳು. ಖಾಲಿ ಬ್ಯಾಗು ಈಗ ಸ್ಕೂಟರಿನ ಕೊಕ್ಕೆಗೆ ತೂಗುಬಿದ್ದಿದೆ. ಉಳಿದ ಎಣ್ಣೆಯ ಸೀಸೆ, ಪೆಟ್ರೋಲಿಗೆ ಬೆರೆಸುವುದರ ಡಬ್ಬಿ, ಆ ಟವೆಲ್ಲು ಎಲ್ಲ ಅದರಲ್ಲೇ. "ಇದರಲ್ಲಿ ಇಟ್ಕೊಳ್ಳಿ, ಪೇಪರಲ್ಲಿ ಸುತ್ಕೊಂಡು ಓಡಾಡ್ಬೇಡಿ," ಅಂತ ಅವಳೇ ನೇತುಹಾಕಿದಳು. ಬೆಳಿಗ್ಗೆ ಭಾವ ಗಾಡಿ ಬಾಗಿಸುವಾಗ ಬಾಗಿಲಲ್ಲಿ ನಿಂತು, "ರೀ, ಎಣ್ಣೆ ಹಾಕ್ಕೊಂಡ್ರಾ?" ಅಂತ ಕೂಗುತ್ತಾಳೆ. "ಹಾಕ್ಕೊಂಡೆ ಕಣೆ," ಅಂತ ಇವರು. ಎದುರುಮನೆಗೆ ಹೊಸದಾಗಿ ಬಂದವರು ಮೊದಲ ದಿನ ಇದನ್ನು ಕೇಳಿ ಕಿಟಕಿ ಮುಚ್ಚಿಕೊಂಡರು. ಹೊಗೆಗೆ ಮುಚ್ಚಿದರು ಅಂತ ಭಾವ ತಿಳಿದುಕೊಂಡರು.

ಬೀರುವಿನ ಮೇಲೆ ಈಗ ಏನೂ ಇಲ್ಲ. ಭಾವ ತಲೆ ಬಾಚುವಾಗ ಕನ್ನಡಿ ನೋಡಿಕೊಂಡೇ ಬಾಚುತ್ತಾರೆ. ಬೈತಲೆ ನೆಟ್ಟಗಿದೆ.